ಮಷೀನಿನ ಕೋಣೆಯ ಹೊರಗೆ ಕೂತವರು

ನಲವತ್ತು ಕುರ್ಚಿ ಹಾಕಿಸಿದ್ದರು. ಬಂದವರು ಒಬ್ಬರು.

ಕಳೆದ ಭಾನುವಾರ ಕಳಸದ ಲೈಬ್ರರಿಯಲ್ಲಿ ನನ್ನ ಭಾಷಣ. ವಿಷಯ, ‘ಪಾರ್ಟಿಕಲ್ ಆಕ್ಸಿಲರೇಟರ್: ಅಣುವಿನಿಂದ ಆಸ್ಪತ್ರೆಯವರೆಗೆ’. (ನಿವೃತ್ತ ಫಿಸಿಕ್ಸ್ ಮೇಷ್ಟರಿಗೆ ಬೇರೇನು ಹೊಳೆದೀತು?) ಕಾಫಿ ಕುಯ್ಲಿನ ಕಾಲ, ಯಾರು ಬರುತ್ತಾರೆ? ಲೈಬ್ರರಿಯವರೂ “ಊಟ ಮಾಡ್ಕಂಡು ಬರ್ತೀನಿ ಸರ್” ಅಂತ ಕೀಲಿಕೈಯನ್ನು ನನಗೇ ಕೊಟ್ಟು ಹೊರಟರು.

ಉಳಿದವರು ಕೊನೆಯ ಸಾಲಿನ ಹಮೀದ್. ಎಪ್ಪತ್ತರ ಆಸುಪಾಸು. ಹಿಂದೆ ಪೇಟೆಯಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದರಂತೆ.

ಒಬ್ಬರಿಗೆ ಭಾಷಣ ಮಾಡುವುದು ಹೇಗೆ? ಅವರ ಪಕ್ಕದಲ್ಲೇ ಹೋಗಿ ಕೂತೆ. ಎಲೆಕ್ಟ್ರಾನಿನಂಥ ಕಣಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸುವ ಯಂತ್ರ ಅಂದೆ.

“ಹಳೇ ಟಿವಿ ಪಿಕ್ಚರ್ ಟ್ಯೂಬಲ್ಲೂ ಎಲೆಕ್ಟ್ರಾನ್ ಓಡ್ತದಲ್ಲ ಸರ್?”

“ಅದರ ದೊಡ್ಡಣ್ಣ ಇದು. ಅಣುವಿನ ಒಳಗೇನಿದೆ ಅಂತ ನೋಡೋಕೆ ಹೊರಟವರು ಕಟ್ಟಿದ್ದು. ಈಗ ಕ್ಯಾನ್ಸರಿಗೆ ಕರೆಂಟ್ ಕೊಡೋದು ಅಂತಾರಲ್ಲ, ಆ ರೇಡಿಯೇಶನ್ ಕೊಡೋದೂ ಇದರಲ್ಲೇ.”

ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ನಮ್ಮ ಮನೆಯವ್ಳಿಗೆ ಮಂಗಳೂರಲ್ಲಿ ಅದನ್ನೇ ಕೊಟ್ಟಿದ್ದು. ಆರು ವಾರ. ಆಮೇಲೆ ನಾಲ್ಕು ವರ್ಷ ಚೆನ್ನಾಗೇ ಇದ್ಲು. ಹೋದ ವರ್ಷ ತೀರ್ಕೊಂಡ್ಲು.”

ನಾನು ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿಕೊಂಡೆ.

“ನೋಟಿಸಲ್ಲಿ ಆಸ್ಪತ್ರೆ ಅಂತ ಇತ್ತು, ಅದಕ್ಕೇ ಬಂದೆ. ಒಂದು ಕೇಳ್ಬೇಕಿತ್ತು. ಅವ್ಳನ್ನ ಮಲಗ್ಸಿ ಎಲ್ರೂ ಹೊರಗೆ ಬಂದ್ಬಿಡೋರು. ದಪ್ಪ ಬಾಗಿಲು. ಒಳಗೆ ಅವ್ಳೊಬ್ಳೇ. ನೋವಾಗಿ ಕೂಗಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತಾ?”

ಗೊತ್ತಿದ್ದಷ್ಟು ಹೇಳಿದೆ. ಕಿರಣ ಬೀಳುವಾಗ ನೋವಾಗುವುದಿಲ್ಲ, ಎಕ್ಸ್‌ರೇ ತೆಗೆದ ಹಾಗೆ. ಕೆಲವೇ ನಿಮಿಷ. ದಿನವಿಡೀ ಅಲ್ಲೇ ದುಡಿಯುವವರ ಮೈಗೆ ಅದು ತಾಗಬಾರದೆಂದು ಅವರು ಹೊರಬರುವುದು. ಆದರೆ ಕೋಣೆಯೊಳಗೆ ಕ್ಯಾಮೆರಾ ಇರುತ್ತದೆ, ಮೈಕ್ ಇರುತ್ತದೆ.

“ಅಂದ್ರೆ ಯಾರೋ ನೋಡ್ತಿದ್ರಾ ಅವ್ಳನ್ನ?”

“ಪೂರ್ತಿ ಹೊತ್ತೂ ನೋಡ್ತಿರ್ತಾರೆ ಹಮೀದಣ್ಣ. ಕೂಗಿದ್ರೆ ಕೇಳ್ತದೆ. ತಕ್ಷಣ ಮಷೀನ್ ನಿಲ್ಸ್ತಾರೆ.”

ಅವರು ತೊಡೆಯ ಮೇಲಿನ ಟೋಪಿಯನ್ನು ಮಡಚಿ, ಮತ್ತೆ ಬಿಡಿಸಿದರು.

“ನಾನು ದಿನಾ ಹೊರಗೆ ಬೆಂಚಲ್ಲಿ ಕೂತು ಬಾಗಿಲಿಗೇ ಕಿವಿ ಕೊಟ್ಟಿರ್ತಿದ್ದೆ. ಡಾಕ್ಟ್ರನ್ನ ಕೇಳೋಕೆ ಸಂಕೋಚ. ಅವ್ಳನ್ನ ಕೇಳಿದ್ರೆ ‘ಏನೂ ಆಗಲ್ಲ’ ಅಂತಿದ್ಲು. ನನ್ನ ಸಮಾಧಾನಕ್ಕೆ ಹೇಳ್ತಾಳೆ ಅಂದ್ಕಂಡಿದ್ದೆ.”

“ನಿಜಾನೇ ಹೇಳಿದ್ದು ಅವ್ರು.”

ತಲೆಯಾಡಿಸಿದರು. ಟೋಪಿ ಹಾಕಿಕೊಂಡು ಎದ್ದರು. ಈ ಸಮಾಚಾರವನ್ನು ಮನೆಗೆ ಹೋಗಿ ಹೇಳಲು ಅವರಿಗೆ ಯಾರೂ ಇಲ್ಲ. ಮೂಡಿಗೆರೆಯ ನನ್ನ ಮನೆಯಲ್ಲಿ ನನಗೂ ಇಲ್ಲ. (ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.)

ಕಣವೊಂದನ್ನು ಬೆಳಕಿನ ಬೆನ್ನಿಗೇ ಓಡಿಸಲು ಕಲಿತ ನಾವು, ಬೆಂಚಿನಲ್ಲಿ ಕೂತ ಗಂಡನಿಗೆ ಒಂದು ಮಾತು ಮುಟ್ಟಿಸಲು ಐದು ವರ್ಷ ತೆಗೆದುಕೊಂಡೆವಲ್ಲ, ಯಾಕೆ?