ಹನಗೋಡಿನ ಪುಲ್‌ಸಿರಾತ್

ಸ್ಕೂಟರು ಕೆಡಬಹುದಿತ್ತು, ಮಳೆ ಹಿಡಿದುಕೊಳ್ಳಬಹುದಿತ್ತು, ಹಿಂದೆ ಕೂತಿದ್ದ ನೆರೆಮನೆಯ ಜೈಬುನಮ್ಮ ಯಾವುದಾದರೂ ಗುಂಡಿಯಲ್ಲಿ ಎಗರಿ ಬೀಳಬಹುದಿತ್ತು, ನಾವು ತಲುಪುವಷ್ಟರಲ್ಲಿ ಅವರ ಮೊಮ್ಮಗಳ ನಿಕಾ ಮುಗಿದೇ ಹೋಗಿರಬಹುದಿತ್ತು. ಹುಣಸೂರಿನಿಂದ ಇಷ್ಟಕ್ಕೂ ಹೆದರಿಕೊಂಡೇ ಬಂದಿದ್ದೆ. ಹನಗೋಡು ದಾಟಿದ ಮೇಲೆ ರಸ್ತೆ ಅಗೆದಿರುತ್ತಾರೆ, ಸ್ಕೂಟರು ಬಿಟ್ಟು ಹಿಡಿದುಕೊಳ್ಳಲು ಕಂಬಿಯಿಲ್ಲದ ಕಾಲುಸೇತುವೆಯ ಮೇಲೆ ನಡೆಯಬೇಕಾಗುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ.

ಎಪ್ಪತ್ತು ದಾಟಿದ ಜೈಬುನಮ್ಮ ಸೆರಗು ಸಿಕ್ಕಿಸಿ ನಡೆದೇಬಿಟ್ಟರು. ನಾನು ಅರ್ಧ ದಾರಿಯಲ್ಲಿ ಕೆಳಗಿನ ನೀರು ನೋಡಿ ಕೂತುಬಿಟ್ಟೆ.

"ಇದುಕ್ಕೇ ಇಂಗಾದ್ರೆ ಪುಲ್‌ಸಿರಾತ್ ಎಂಗ್ ದಾಟ್ತೀಯಪ್ಪ?" ಎಂದು ಆಚೆ ದಡದಿಂದ ಕೂಗಿದರು.

"ಅದ್ಯಾವುದು ಜೈಬುನಮ್ಮ?"

"ಕಯಾಮತ್ ದಿನ, ಅಂದ್ರೆ ಲೋಕ ಮುಗ್ಯೋ ದಿನ, ಎಲ್ರೂ ದಾಟ್ಬೇಕಾದ ಸೇತುವೆ ಕಣಪ್ಪ, ಕೆಳಗಡೆ ನರಕ. ಕೂದ್ಲಿಗಿಂತ ಸಣ್ಣ, ಕತ್ತಿಗಿಂತ ಚೂಪು. ಒಳ್ಳೇರು ಮಿಂಚಿನಂಗೆ ಓಯ್ತಾರೆ, ಕೆಲವರು ಗಾಳಿಯಂಗೆ, ಕೆಲವರು ಕುದುರೆಯಂಗೆ."

"ನನ್ನಂಥೋರು?"

"ತೆವಳ್ಕಂಡು ಓಯ್ತಾರೆ. ಅವರೂ ದಾಟ್ತಾರೆ, ಬಾ!"

ತೆವಳುವವರಿಗೂ ಅಲ್ಲಿ ಸರದಿಯುಂಟೆಂದು ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಮಂಡಿಯೂರಿ ಹೊರಟೆ. ದಡ ಮುಟ್ಟಿದಾಗ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ದಂಡಯಾತ್ರೆ ಗೆದ್ದ ದೊರೆಯಂತೆ ಎದ್ದು ನಿಂತೆ.

ಖಾಜಿ ಸಾಹೇಬರು ಬಾಯಿ ತೆರೆಯುವ ಮೊದಲೇ ಜೈಬುನಮ್ಮ ಮೊಮ್ಮಗಳ ಪಕ್ಕದಲ್ಲಿ ಕೂತಿದ್ದರು. ಮದುವೆಮನೆಯ ಬಾಗಿಲಲ್ಲಿ ಎಲ್ಲರೂ ಜೋಡಿ ಚಪ್ಪಲಿ ಬಿಟ್ಟಿದ್ದರು. ನಾನು ಒಂದನ್ನೇ ಬಿಟ್ಟು ಒಳಗೆ ಹೋದೆ. ಇನ್ನೊಂದನ್ನು ಹೊಳೆ ಇಟ್ಟುಕೊಂಡಿತ್ತು.