ಚನ್ನವೀರವ್ವನ ತಂಬಾಕು
ಮುಂಡರಗಿಯ ನಮ್ಮ ಓಣಿಯ ಚನ್ನವೀರವ್ವನ ಕೆಳತುಟಿಯೊಳಗೆ ಸದಾ ಒಂದು ಚಿಟಿಕೆ ತಂಬಾಕು ಇರುತ್ತದೆ. ಅದನ್ನು ಅಲ್ಲಾಡಿಸದೆ ಆಕೆ ಒಲೆ ಊದಬಲ್ಲಳು, ಸೊಸೆಯನ್ನು ಬೈಯಬಲ್ಲಳು, ಮೂವತ್ತು ರೊಟ್ಟಿ ಬಡಿಯಬಲ್ಲಳು. ಗಂಡ ಕಟ್ಟೆಯ ಮೇಲೆ ಕೂತು ರಾಜಾರೋಷವಾಗಿ ಬೀಡಿ ಸೇದುತ್ತಾನೆ; ಈಕೆಯ ತಂಬಾಕಿನ ಚೀಲ ಮಾತ್ರ ತೊಗರಿಬೇಳೆ ಡಬ್ಬಿಯ ತಳದಲ್ಲಿ ಅಡಗಿರುತ್ತದೆ. ಪ್ರತಿ ಸೋಮವಾರ ಬೆಳಿಗ್ಗೆ ತಂಬಾಕು ಬಿಡುತ್ತಾಳೆ, ಮಧ್ಯಾಹ್ನಕ್ಕೆ ಡಬ್ಬಿಗೆ ಕೈ ಹಾಕುತ್ತಾಳೆ. ತುಟಿಯೊಳಗೆ ಬಿಳಿ ಕಲೆ ಕಂಡು, ಬಿಡದಿದ್ದರೆ ಕ್ಯಾನ್ಸರ್ ಆದೀತೆಂದು ಡಾಕ್ಟರು ಹೇಳಿದ ಮೇಲೂ ಗದಗಿನ ಚಟ ಬಿಡಿಸುವ ಕೇಂದ್ರಕ್ಕೆ ಹೋಗಲು ಒಲ್ಲೆ ಅಂದಳು. “ಅಲ್ಲಿ ಬರೇ ಗಂಡಸರು ಕುಂತಿರ್ತಾರ. ನನ್ನ ನೋಡಿ ಏನಂದಾರು? ಮತ್ತ ರೊಟ್ಟಿ ಯಾರು ಬಡೀಬೇಕು, ನಿಮ್ಮ ಮಾವಾರು ಬಡೀತಾರೇನು?” “ಬಡೀಲಿ ಬಿಡ್ರಿ ಅತ್ತಿ, ಸುಟ್ರ ಸುಟ್ಟಿದ್ದನ್ನ ತಿಂತಾರ,” ಎಂದು ಸೊಸೆ ನೇತ್ರಾ ಕೈಹಿಡಿದು ಬಸ್ಸು ಹತ್ತಿಸಿದಳು. ಯಾವ ಹೊತ್ತಿನಲ್ಲಿ ತಂಬಾಕು ಹೆಚ್ಚು ಬೇಕೆನಿಸುತ್ತದೆ ಎಂದು ಅಲ್ಲಿನ ಆಪ್ತಸಮಾಲೋಚಕಿ ಕೇಳಿದಾಗ ಚನ್ನವೀರವ್ವ ಸೆರಗು ಸರಿಮಾಡಿಕೊಂಡಳು. “ಎಲ್ಲಾರೂ ಉಂಡು ಎದ್ದ ಮ್ಯಾಲರಿ. ಬುಟ್ಟ್ಯಾಗ ರೊಟ್ಟಿ ಉಳದಿರಂಗಿಲ್ಲ. ಇದನ್ನ ಇಟಗೊಂಡ್ರ ಹಸಿವು ತಿಳಿಯಂಗಿಲ್ಲ.” ಈಗ ನೇತ್ರಾ ಹೆಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ಅತ್ತೆಯ ತಾಟಿಗೇ ಹಾಕುತ್ತಾಳೆ. ಚನ್ನವೀರವ್ವ ಬಾಗಿಲ ಕಡೆ ನೋಡುತ್ತಾ, ಕದ್ದು ತಿನ್ನುವವಳಂತೆ ಅದನ್ನು ತಿನ್ನುತ್ತಾಳೆ.