ಬೆಲ್ಲ ಹಚ್ಚಿದ ವಿಷ

ಕ್ಯಾನ್ಸರಿನ ಔಷಧದ ಮೇಲೆ ಕೆಲಸ ಮಾಡುತ್ತೇನೆಂದರೆ ಜನ ದೊಡ್ಡ ಸೇವೆ ಎನ್ನುತ್ತಾರೆ. ಸೇವೆಯೂ ಇಲ್ಲ, ಸುಡುಗಾಡೂ ಇಲ್ಲ. ಅವ್ವನನ್ನು ತಿಂದ ರೋಗವನ್ನು ಕೊಲ್ಲಬೇಕು, ಅಷ್ಟೇ. ಸೋದರಮಾವನ ಮೇಲೂ ಸೇಡು ತೀರಿಸಿಕೊಳ್ಳುವುದಿತ್ತು.

ಮಾವನ ಮನೆ ಮಸ್ಕಿಯಲ್ಲಿ. ಅಂಗಾಲಿನ ಆಣಿ ತೆಗೆಯುವ ಅವನ ಕೈಗುಣ ಲಿಂಗಸುಗೂರಿನವರೆಗೂ ಹೆಸರಾಗಿತ್ತು. ಅಮಾವಾಸ್ಯೆ ಬಂತೆಂದರೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತವರ ಸಾಲು. ಆಣಿಯ ಮೇಲೆ ಬೆಲ್ಲದ ಚೂರಿಟ್ಟು ಕಾದ ಕಬ್ಬಿಣದ ಸಳಿಯಿಂದ ಒತ್ತುತ್ತಿದ್ದ. ಒಂದು ತೆಂಗಿನಕಾಯಿಯ ಹೊರತು ಏನನ್ನೂ ಮುಟ್ಟುತ್ತಿರಲಿಲ್ಲ. ಆದರೆ ಒಂದು ಕಟ್ಟುಪಾಡು ಹಾಕುತ್ತಿದ್ದ: ಸುಟ್ಟ ಕಾಲನ್ನು ಮುಂದಿನ ಅಮಾವಾಸ್ಯೆಯವರೆಗೆ ಯಾವ ಡಾಕ್ಟರಿಗೂ ತೋರಿಸಬಾರದು, ತೋರಿಸಿದರೆ ಕೈಗುಣ ಕೆಡುತ್ತದೆ.

ಸಾಲಗುಂದದ ನಮ್ಮ ಗದ್ದೆಯಲ್ಲಿ ಭತ್ತದ ಸಸಿ ಹಚ್ಚುತ್ತಿದ್ದ ಅವ್ವನ ಹಿಮ್ಮಡಿಯ ಹತ್ತಿರ ಒಂದು ಕಪ್ಪು ಕಲೆ ಕಂಡಾಗ ಅವಳು ಹೋಗಿದ್ದು ತಮ್ಮನ ಹತ್ತಿರ. ಆಣಿ ಮೆಟ್ಟಿದರೆ ನೋಯುತ್ತದೆ, ಅದು ನೋಯುತ್ತಿರಲಿಲ್ಲ. ಮಾವ ಅದನ್ನೂ ಕೇಳಲಿಲ್ಲ, ಸುಟ್ಟ. ನಾನಾಗ ಕಾಲೇಜಿನಲ್ಲಿದ್ದೆ. ಡಾಕ್ಟರಿಗೆ ತೋರಿಸೋಣ ಎಂದು ಗೋಗರೆದೆ.

"ನನ್ನ ತಮ್ಮ ಸುಟ್ಟಾನ. ಅಮಾಸಿ ತನಕ ಸುಮ್ಕಿರು," ಎಂದಳು ಅವ್ವ.

ಅಮಾವಾಸ್ಯೆ ಬಂದರೆ ಮತ್ತೆ ಸುಡುವುದು, ಮತ್ತೆ ಕಾಯುವುದು. ತೊಡೆಸಂದಿನಲ್ಲಿ ಗಂಟು ಕಾಣಿಸಿಕೊಂಡ ಮೇಲೆ ದೊಡ್ಡಾಸ್ಪತ್ರೆಗೆ ಹೋದೆವು. ಚರ್ಮದ ಕ್ಯಾನ್ಸರ್, ಮೈಯೆಲ್ಲ ಹರಡಿದೆ ಎಂದರು. ರಕ್ತಕ್ಕೆ ಏರಿಸಿದ ಔಷಧ ಕ್ಯಾನ್ಸರಿಗಿಂತ ಅವ್ವನನ್ನೇ ಹೆಚ್ಚು ಸುಟ್ಟಿತು. ಬಾಯೆಲ್ಲ ಹುಣ್ಣಾಗಿ ಗಂಜಿಯೂ ಒಳಗೆ ಹೋಗಲಿಲ್ಲ. ಅವ್ವನ ಮಣ್ಣಿಗೆ ಬಂದ ಮಾವ "ಅಕ್ಕನ ಹಣೆಬರಹ" ಎಂದ. ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

ಈಗ ಪ್ರಯೋಗಾಲಯದಲ್ಲಿ ನಾನು ಔಷಧವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಕಣಗಳೊಳಗೆ ಅಡಗಿಸುತ್ತೇನೆ. ಹೊರಗೆ ಸಕ್ಕರೆಯ ಜಾತಿಯ ಒಂದು ಅಂಟಿನ ಲೇಪ. ಈ ಕ್ಯಾನ್ಸರಿನ ಕೋಶಗಳ ಮೈಮೇಲೆ ಆ ಅಂಟನ್ನು ಹಿಡಿಯುವ ಕೊಂಡಿಗಳು ಹೆಚ್ಚು, ಹಾಗಾಗಿ ಅವೇ ಮುಂದೆ ಬಿದ್ದು ಕಣವನ್ನು ಒಳಗೆ ಎಳೆದುಕೊಳ್ಳುತ್ತವೆ. ಆಮೇಲೆ ಕೊಬ್ಬು ಒಡೆದು ಔಷಧ ಹೊರಬೀಳುತ್ತದೆ. ಪಕ್ಕದ ಒಳ್ಳೆಯ ಕೋಶಗಳಿಗೆ ಆದಷ್ಟು ಕಡಿಮೆ ಪೆಟ್ಟು. ಗದ್ದೆಯ ಇಲಿಗಳಿಗೆ ಅವ್ವ ಬೆಲ್ಲ ಹಚ್ಚಿದ ಉಂಡೆಯಲ್ಲಿ ವಿಷ ಇಡುತ್ತಿದ್ದಳಲ್ಲ, ಹಾಗೆ. ತಟ್ಟೆಯಲ್ಲಿ ಬೆಳೆಸಿದ ಆ ಕೋಶಗಳು ಸಾಯುವುದನ್ನು ನೋಡುವಾಗ ನನಗೆ ನಿಜವಾಗಿ ಖುಷಿಯಾಗುತ್ತದೆ. "ಸಾಯಿ" ಎಂದು ಬಾಯಿಬಿಟ್ಟೇ ಹೇಳಿದ್ದೇನೆ. ಮನುಷ್ಯರಿಗೆ ಕೊಡುವ ಹಂತಕ್ಕೆ ಅದಿನ್ನೂ ಬಂದಿಲ್ಲ.

ಈಚೆಗೆ ರಜೆಗೆ ಊರಿಗೆ ಬಂದವಳು ಅಮಾವಾಸ್ಯೆಯ ದಿನವನ್ನೇ ನೋಡಿ ಸಿಂಧನೂರಿನಿಂದ ಮಸ್ಕಿಯ ಬಸ್ಸು ಹತ್ತಿದೆ. ಎಲ್ಲರೆದುರು ಮಾವನ ಮಾನ ಕಳೆಯಬೇಕೆಂದೇ ಹೋಗಿದ್ದೆ. ಕಟ್ಟೆಯ ಮೇಲೆ ಬಂಗಾಳಿ ನಿರಾಶ್ರಿತರ ಊರಾದ ಆರ್.ಎಚ್. ಕ್ಯಾಂಪಿನ ಹೆಂಗಸೊಬ್ಬಳು ಅವನೆದುರು ಕಾಲು ಚಾಚಿದ್ದಳು. ಅಂಗಾಲಲ್ಲಿ ಅವ್ವನದೇ ಥರದ ಕಪ್ಪು ಕಲೆ. ಸಳಿ ಕೆಂಪಗೆ ಕಾದಿತ್ತು.

"ಮಾವ, ಸಳಿ ಕೆಳಗಿಡು. ಅವ್ವಂದೂ ಹಿಂಗ ಇತ್ತು."

"ಲೇ, ನೀ ಸುಮ್ನಿರು. ಮಂದಿ ಕುಂತಾರ."

"ಮಂದಿ ಕೇಳ್ಲಿ ಅಂತನ ಬಂದೀನಿ. ಈ ಅಕ್ಕನ್ನ ನೀನ ದವಾಖಾನಿಗೆ ಕರ್ಕೊಂಡು ನಡಿ. ಇಲ್ಲಂದ್ರ ನನ್ನವ್ವ ಹ್ಯಾಂಗ ಸತ್ಲು ಅಂತ ಇವರಿಗೆಲ್ಲಾ ಹೇಳ್ತೀನಿ."

ಮಾವನ ಮುಖ ಕಪ್ಪಿಟ್ಟಿತು. ಸಳಿಯನ್ನು ನೀರಿಗೆ ಅದ್ದಿ ಚಪ್ಪಲಿ ಮೆಟ್ಟಿದ.

ಆಸ್ಪತ್ರೆಯಲ್ಲಿ ಕಲೆಯನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶದ ದಿನವೂ ಮಾವನನ್ನು ಎಳೆದೊಯ್ದೆ. ನಾನು ಅಂದು ಕೇಳಿದ ಮಾತನ್ನು ಅವನೂ ಕಿವಿಯಾರೆ ಕೇಳಲಿ ಎಂಬ ಹಟ.

"ಕ್ಯಾನ್ಸರ್ ಹೌದು," ಎಂದರು ಡಾಕ್ಟರು. "ಆದ್ರ ಮೇಲಿನ ಪದರದಾಗ ಇತ್ತು, ಪೂರ್ತಿ ತಗದೀವಿ. ಲಗೂ ಬಂದ್ರಿ, ಚಲೋ ಆತು."

ಆ ಹೆಂಗಸು ಮಾವನ ಕೈ ಹಿಡಿದುಕೊಂಡು ಅತ್ತಳು. ಮಾವನ ಮುಖ ಅರಳಿತು. ನನ್ನ ಕಡೆ ತಿರುಗಿ, "ನೋಡಬೇ, ಉಳಿದ್ಳು," ಎಂದ. ಇಷ್ಟಕ್ಕೆ ಎಲ್ಲ ಚುಕ್ತಾ ಆಯಿತೆಂಬ ಧಾಟಿ.

ಅವಳು ಉಳಿದದ್ದು ನನಗೂ ಸಂತೋಷವೇ. ಆದರೆ ಅವನನ್ನು ಬಿಡಲಿಲ್ಲ.

"ಹೌದು ಮಾವ. ನೀ ಮೊದಲ್ನೇ ಸಲ ಸುಟ್ಟಾಗ ಅವ್ವಂದೂ ಇಷ್ಟ ಸಣ್ಣದಿತ್ತು."

ಮಾವ ಬೆಂಚಿನ ಮೇಲೆ ಕುಸಿದು ಕೂತ. ಸಳಿ ಹಿಡಿಯುವ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು "ಅಕ್ಕಾ" ಎಂದು ಬಿಕ್ಕಿದ. ನಾನು ನೀರಿನ ಬಾಟಲಿಯನ್ನು ಚೀಲದೊಳಗೇ ಇಟ್ಟುಕೊಂಡು ಅವನೆದುರು ಕೂತು ನೋಡಿದೆ.